ಅವ್ವನ ಮೊಣಕಾಲೂ ಸಣ್ಣ ಕಾರೂ

ಮಗಳಿಗೆ ವರನನ್ನು ಹುಡುಕುವುದು, ಮನೆ ಕಟ್ಟಿಸುವುದು, ಕಾರು ಕೊಳ್ಳುವುದು – ಈ ಮೂರು ಕೆಲಸಗಳಿಗೆ ನಮ್ಮ ಕಡೆ ಸಲಹೆಯ ಬರಗಾಲ ಎಂದೂ ಬೀಳುವುದಿಲ್ಲ. ಬೇಸಿಗೆಯಲ್ಲಿ ಕೃಷ್ಣೆಯ ನೀರು ಇಳಿಯಬಹುದು, ಘಟಪ್ರಭೆಯಲ್ಲಿ ಉಸುಕು ಕಾಣಬಹುದು. ಸಲಹೆಯ ಹೊಳೆ ಮಾತ್ರ ಹನ್ನೆರಡು ತಿಂಗಳೂ ತುಂಬಿ ಹರಿಯುತ್ತದೆ. ನಿವೃತ್ತ ಗಣಿತ ಮಾಸ್ತರನಾದ ನಾನು ಸಣ್ಣದೊಂದು ಕಾರು ಕೊಳ್ಳುವವನಿದ್ದೇನೆಂಬ ಸುದ್ದಿ ಜಮಖಂಡಿಯ ನಮ್ಮ ಓಣಿಯಿಂದ ಹೊರಬಿದ್ದು ಮುಧೋಳದ ಬೀಗರನ್ನೂ, ಬನಹಟ್ಟಿಯ ತಂಗಿಯನ್ನೂ, ಬೀಳಗಿಯ ಹಳೆಯ ಶಿಷ್ಯನನ್ನೂ ಮುಟ್ಟಲು ಎರಡು ದಿನ ಸಾಕಾದವು. ಮೂರನೆಯ ದಿನದಿಂದ ನಮ್ಮ ಮನೆಯ ಚಹದ ಪುಡಿಯ ಖರ್ಚು ಇಮ್ಮಡಿಯಾಯಿತು.

ಹಿಂದೆ ಪೆಟ್ಟಿಗೆಯಂತೆ ಚಾಚಿಕೊಂಡಿರದೆ, ಬೆನ್ನ ಬಾಗಿಲು ಮೇಲಕ್ಕೆ ತೆರೆದುಕೊಳ್ಳುವ ಸಣ್ಣ ಕಾರಿಗೆ ಹ್ಯಾಚ್‌ಬ್ಯಾಕ್ ಎಂದು ಹೆಸರು. ನಮ್ಮ ಮಧ್ಯಮ ವರ್ಗಕ್ಕೆ ಕಾರಿನ ಕನಸನ್ನು ಕಲಿಸಿದ್ದೇ ಈ ಜಾತಿ. ಅದಕ್ಕೆ ಮುಂಚೆ ಕಾರೆಂದರೆ ಅಂಬಾಸಡರು, ಇಲ್ಲವೆ ಫಿಯಾಟು. ಅವು ಡಾಕ್ಟರರ, ವಕೀಲರ, ಸಾಹುಕಾರರ ಅಂಗಳದಲ್ಲಿ ನಿಲ್ಲತಕ್ಕ ವಸ್ತುಗಳಾಗಿದ್ದುವು. 1983ರ ಡಿಸೆಂಬರಿನಲ್ಲಿ ಮಾರುತಿ 800 ಬಂದಿತು. ಮೂರು ಸಿಲಿಂಡರು, 796 ಸಿಸಿ ಇಂಜಿನು. ನೋಡಿದರೆ ಆಟಿಕೆ, ಕುಳಿತರೆ ಇಡೀ ಸಂಸಾರ. 1998ರಲ್ಲಿ ಸ್ಯಾಂಟ್ರೋ ಮತ್ತು ಇಂಡಿಕಾ, 1999ರಲ್ಲಿ ವ್ಯಾಗನ್ ಆರ್, 2005ರಲ್ಲಿ ಸ್ವಿಫ್ಟ್, 2016ರಲ್ಲಿ ಟಿಯಾಗೊ ಬಂದುವು. ಎಲ್ಲಕ್ಕೂ ಹಿರಿಯಣ್ಣನಾದ ಎಂಟುನೂರರ ತಯಾರಿಕೆ 2014ರಲ್ಲಿ ನಿಂತಿತು. ನಮ್ಮ ಮನೆಯಲ್ಲಿದ್ದದ್ದೂ ಅದರದೇ ಒಂದು ತುಂಡು. ಹದಿನೈದು ವರ್ಷ ತುಂಬಿದ ಮೇಲೆ ಅದನ್ನು ಗೌರವದಿಂದ ಬೀಳ್ಕೊಟ್ಟೆವು.

ಆದರೆ ಹೊಸ ಕಾರಿನ ಪ್ರಶ್ನೆ ಎದ್ದದ್ದು ಗಾಡಿಯ ವಯಸ್ಸಿನಿಂದಲ್ಲ, ಅವ್ವನ ಮೊಣಕಾಲಿನಿಂದ. ಅವಳಿಗೆ ಎಪ್ಪತ್ತೆಂಟು. ಆರು ವಾರಕ್ಕೊಮ್ಮೆ ಅವಳನ್ನು ಬಾಗಲಕೋಟೆಯ ವೈದ್ಯರಲ್ಲಿಗೆ ಕರೆದೊಯ್ಯಬೇಕು. ಬಸ್ಸಿನ ಮೆಟ್ಟಿಲು ಅವಳಿಗೆ ಬೆಟ್ಟ. ಎಂಟುನೂರರ ಆಸನ ಅವಳಿಗೆ ಬಾವಿ. ಹತ್ತುವುದೂ ಕಷ್ಟ, ಇಳಿಯುವುದೂ ಕಷ್ಟವೆಂದಾಗ ಮನುಷ್ಯ ಮನೆಯಲ್ಲಿಯೇ ಕೂಡಲು ಕಲಿಯುತ್ತಾನೆ. ಅವ್ವ ಹಾಗೆ ಕಲಿಯತೊಡಗಿದ್ದಳು. ಬನಹಟ್ಟಿಯ ಕಾಡಸಿದ್ಧೇಶ್ವರನ ಜಾತ್ರೆಗೂ, ತಂಗಿಯ ಮನೆಯ ತೊಟ್ಟಿಲಿಗೂ "ನೀವ ಹೋಗಿ ಬರ್ರಿ" ಎನ್ನತೊಡಗಿದ್ದಳು. ನನ್ನನ್ನು ಕಾರಿನ ಅಂಗಡಿಗೆ ಎಳೆದುಕೊಂಡು ಹೋದದ್ದು ಆ ಮಾತು.

ನಮ್ಮ ಸೀಮೆಯ ದಾರಿಯನ್ನು ಅರಿಯದೆ ಕಾರನ್ನು ತೂಗಿ ನೋಡುವುದು, ಹೊಲವನ್ನು ನೋಡದೆ ಬೀಜ ಕೊಂಡಂತೆ. ಇಲ್ಲಿಯದು ಎರೆಮಣ್ಣು, ಮಳೆಗಾಲದಲ್ಲಿ ಡಾಂಬರಿನ ಅಂಚಿನಿಂದ ಚಕ್ರ ಕೆಳಗಿಳಿದರೆ ಮೇಲೆ ಬರಲು ಅದರ ಅಪ್ಪಣೆ ಬೇಕು. ದೀಪಾವಳಿ ಕಳೆದು ಸಕ್ಕರೆ ಕಾರಖಾನೆಗಳ ಹೊಗೆ ಎದ್ದಿತೆಂದರೆ ರಸ್ತೆಗಳೆಲ್ಲ ಕಬ್ಬಿನ ಸ್ವತ್ತು. ಒಂದು ಟ್ರ್ಯಾಕ್ಟರಿಗೆ ಎರಡು ಟ್ರೇಲರು. ಆಚೆ ಈಚೆ ಚಾಚಿಕೊಂಡ ಕಬ್ಬು. ಹಿಂದೆ ದೀಪವುಂಟೋ ಇಲ್ಲವೋ ಹತ್ತಿರ ಹೋಗುವವರೆಗೆ ತಿಳಿಯದು. ಸಂಜೆಯ ಹೊತ್ತು ಎದುರಿನ ಲಾರಿಯ ಬೆಳಕು ಕಣ್ಣಿಗೆ ರಾಚಿದಾಗ, ಮುಂದಿರುವುದು ಕತ್ತಲೆಯೋ ಕಬ್ಬೋ ಎಂದು ಅನುಭವಿಗಳೂ ಅನುಮಾನಿಸುತ್ತಾರೆ. ಚಿಕ್ಕಪಡಸಲಗಿಯಲ್ಲಿ ರೈತರನ್ನು ಕೂಡಿಸಿಕೊಂಡು ಕೃಷ್ಣೆಗೆ ಬ್ಯಾರೇಜು ಕಟ್ಟಿಸಿದ ನಮ್ಮ ಶಾಸಕ ಸಿದ್ದು ನ್ಯಾಮಗೌಡರು 2018ರ ಮೇ 28ರಂದು ತುಳಸಿಗೇರಿಯ ಹತ್ತಿರ ರಸ್ತೆ ಅಪಘಾತದಲ್ಲಿಯೇ ತೀರಿಕೊಂಡರು. ಮುಧೋಳ, ಲೋಕಾಪುರ, ಕಲಾದಗಿ ದಾಟಿ ಬಾಗಲಕೋಟೆಗೆ ಹೋಗುವಾಗ ಆ ಊರು ಬಂದರೆ ಇಂದಿಗೂ ಮಾತು ತಾನಾಗಿ ನಿಲ್ಲುತ್ತದೆ.

ಅದಿರಲಿ. ನಾನು ಒಂದು ನೋಟುಬುಕ್ಕು ತೆಗೆದು ಗೆರೆ ಎಳೆದೆ. ಆಲ್ಟೊ ಕೆ10, ವ್ಯಾಗನ್ ಆರ್, ಸ್ವಿಫ್ಟ್, ಟಿಯಾಗೊ – ನಾಲ್ಕು ಹೆಸರು. 2025ರ ಸೆಪ್ಟೆಂಬರ್ 22ರಿಂದ, ನಾಲ್ಕು ಮೀಟರು ಮೀರದ, 1200 ಸಿಸಿ ಮೀರದ ಪೆಟ್ರೋಲ್ ಕಾರುಗಳ ಮೇಲಿನ ಜಿಎಸ್‌ಟಿ ನೂರಕ್ಕೆ 28ರಿಂದ 18ಕ್ಕೆ ಇಳಿಯಿತು. ಮೇಲಿನ ಉಪಕರವೂ ಹೋಯಿತು. "ಅಪ್ಪಾ, ಇದೇ ಸಮಯ" ಎಂದು ಬೆಂಗಳೂರಿನಿಂದ ಮಗ ಫೋನು ಮಾಡಿದ. ಮಗನ ಮತ ಸ್ವಿಫ್ಟಿಗೆ. ನಮ್ಮಾಕೆಯ ಮತ ಬಣ್ಣಕ್ಕೆ. ನಮ್ಮ ಓಣಿಯ ಮೇಸ್ತ್ರಿಯ ಮಾತು ಮಾತ್ರ ಬುಕ್ಕಿನಲ್ಲಿ ಬರೆದಿಟ್ಟುಕೊಳ್ಳುವಂಥದು: "ಸರ, ಗಾಡಿ ಯಾವುದರ ಇರ್ಲಿ, ಸಾಮಾನು ಜಮಖಂಡಿಯೊಳಗ ಸಿಗಬೇಕು. ಇಲ್ಲಾಂದ್ರ ಬಾಗಲಕೋಟಿ, ವಿಜಾಪುರದೊಳಗರ ಸಿಗಬೇಕು. ಮುಂಬಯಿಯಿಂದ ಬರೂತನಕ ಗಾಡಿ ನನ್ನ ಅಂಗಡಿ ಮುಂದ ತಪಸ್ಸು ಮಾಡೂದು ಬ್ಯಾಡ."

ಮೊದಲು ಎಲ್ಲರೂ ಕೇಳುವ ಪ್ರಶ್ನೆ, "ಎಷ್ಟು ಕೊಡುತ್ತದೆ?" ಎಂಬುದು. ನಮ್ಮಲ್ಲಿ ಕಾರಿನ ಕುಲಗೋತ್ರ ವಿಚಾರಿಸುವುದು ಈ ಮೈಲೇಜಿನಿಂದಲೇ. ನಾನು ಲೆಕ್ಕ ಹಾಕಿ ನೋಡಿದೆ. ತಿಂಗಳಿಗೆ ನಮ್ಮ ಓಡಾಟ 600 ಕಿಲೋಮೀಟರು. ಲೀಟರಿಗೆ 20 ಕಿಲೋಮೀಟರು ಕೊಡುವ ಗಾಡಿಗೆ 30 ಲೀಟರು ಬೇಕು; 24 ಕೊಡುವುದಕ್ಕೆ 25 ಲೀಟರು. ಅಂತರ ಐದೇ ಲೀಟರು, ಐನೂರು ರೂಪಾಯಿಯ ಆಸುಪಾಸು. ದಿನವೂ ನೂರು ಕಿಲೋಮೀಟರು ತಿರುಗುವವನಿಗೆ ಇದು ದೊಡ್ಡ ಮೊತ್ತ. ನಮ್ಮಂಥವರಿಗೆ ನಾಲ್ಕು ಮಂದಿ ಒಂದು ಸಲ ಖಾನಾವಳಿಗೆ ಹೋಗಿ ಬಂದ ಖರ್ಚು. ಸಿಎನ್‌ಜಿಯ ಗಾಡಿಗಳು ಇನ್ನೂ ಮಿತವ್ಯಯಿಗಳು. ವ್ಯಾಗನ್ ಆರ್ ಕಿಲೋ ಗ್ಯಾಸಿಗೆ 34 ಕಿಲೋಮೀಟರು ಓಡುತ್ತದೆಂದು ಕಂಪನಿಯ ಲೆಕ್ಕ. ಆದರೆ ಗ್ಯಾಸಿನ ಸಿಲಿಂಡರು ಹಿಂದಿನ ಜಾಗವನ್ನು ನುಂಗುತ್ತದೆ. ಟಿಯಾಗೊದಲ್ಲಿ ಒಂದರ ಬದಲು ಎರಡು ಸಣ್ಣ ಸಿಲಿಂಡರುಗಳನ್ನು ನೆಲದಡಿ ಹುದುಗಿಸಿ ಸ್ವಲ್ಪ ಸ್ಥಳ ಉಳಿಸಿದ್ದಾರೆ. ಹೇಗಿದ್ದರೂ, ನಾವು ದಿನವೂ ಹೋಗುವ ದಾರಿಯಲ್ಲಿ ಗ್ಯಾಸಿನ ಪಂಪು ಎಲ್ಲಿದೆ, ಸರದಿ ಎಷ್ಟುದ್ದವಿರುತ್ತದೆ ಎಂಬುದನ್ನು ನೋಡಿಕೊಂಡೇ ಅದಕ್ಕೆ ಕೈಹಾಕಬೇಕು.

ಬಳಿಕ ಅವ್ವನನ್ನೇ ಕರೆದುಕೊಂಡು ಅಂಗಡಿಗಳನ್ನು ಸುತ್ತಿದೆ. ಅಂಗಡಿಯ ತರುಣರು ವಿನಯಶೀಲರು. ಒಬ್ಬನು ಮುಂದಿನ ಗಾಜಿನ ಫಲಕವನ್ನು ಮುಟ್ಟಿ, ಹಾಡು, ನಕ್ಷೆ, ಫೋನು ಎಲ್ಲವೂ ಇದರಲ್ಲಿಯೇ ಉಂಟೆಂದು ವರ್ಣಿಸಿದನು. ಅವ್ವ ಎಲ್ಲವನ್ನೂ ಕೇಳಿ, "ಛಲೋ ಐತಿ. ಕೈ ಹಿಡಕೊಂಡು ಏಳಾಕ ಏನರ ಐತೇನು?" ಎಂದಳು. ಆ ಪ್ರಶ್ನೆ ಯಾವ ಮಾಹಿತಿ ಪುಸ್ತಕದಲ್ಲಿಯೂ ಅಚ್ಚಾಗಿಲ್ಲ.

ಸ್ವಿಫ್ಟಿನ ಮೈಕಟ್ಟು ಮುಧೋಳದ ನಾಯಿಯದು – ತಗ್ಗಾದ ನಿಲುವು, ಚುರುಕಾದ ನಡೆ. ಎತ್ತರ 1520 ಮಿಲಿಮೀಟರು. ತರುಣರ ಮನಸ್ಸು ಅದರ ಹಿಂದೆ ಓಡುವುದು ಸಹಜ. ಆಲ್ಟೊ ಅಷ್ಟೇ ಎತ್ತರ, ಆದರೆ ಅಗಲ 1490 ಮಿಲಿಮೀಟರು ಮಾತ್ರ. ರಬಕವಿಯ ಸಂದಿಗೊಂದಿಗಳಲ್ಲಿ ಎದುರಿಗೆ ಬಂಡಿ ಬಂದರೂ ಇದು ಗೋಡೆಗೆ ಅಂಟಿಕೊಂಡು ದಾರಿ ಬಿಟ್ಟೀತು. ಟಿಯಾಗೊದ ಎತ್ತರ 1535. ವ್ಯಾಗನ್ ಆರ್ ಮಾತ್ರ 1675. ಈ ಹದಿನಾಲ್ಕು ಸೆಂಟಿಮೀಟರಿನ ಮಹಿಮೆಯನ್ನು ಅರಿಯಬೇಕಾದರೆ ಮೊಣಕಾಲು ನೋಯಬೇಕು. ಮಾಡು ಎತ್ತರವಾದುದರಿಂದ ಆಸನವನ್ನೂ ಎತ್ತರದಲ್ಲಿಡಲು ಬರುತ್ತದೆ. ಕೂಡುವವನು ಬಾಗಿ ಇಳಿಯಬೇಕಿಲ್ಲ, ಸರಿದು ಕೂತರಾಯಿತು. ಅವ್ವ ಅದರಲ್ಲಿ ಪಡಸಾಲೆಯ ಕುರ್ಚಿಯ ಮೇಲೆ ಕೂತಂತೆ ಕೂತಳು; ಯಾರ ಕೈಯನ್ನೂ ಬೇಡದೆ ಇಳಿದಳು. ಉಳಿದ ಮೂರರಲ್ಲಿ ಬಾಗಿಲ ಚೌಕಟ್ಟನ್ನು ಹಿಡಿದುಕೊಳ್ಳಬೇಕಾಯಿತು. ಇದು ಆ ಗಾಡಿಗಳ ದೋಷವಲ್ಲ, ಎತ್ತರದ ಲೆಕ್ಕ. ನಾನು ವ್ಯಾಗನ್ ಆರ್ ಮುಂದೆ ದೊಡ್ಡದೊಂದು ಸರಿ ಗುರುತು ಹಾಕಿ, ಪರೀಕ್ಷೆ ಮುಗಿಯಿತೆಂದೇ ತಿಳಿದೆ.

ಆದರೆ ಇನ್ನೊಂದು ಪರೀಕ್ಷೆ ಉಳಿದಿತ್ತು. ಗ್ಲೋಬಲ್ ಎನ್‌ಕ್ಯಾಪ್ ಎಂಬ ಸಂಸ್ಥೆ ಗೊಂಬೆಗಳನ್ನು ಕೂಡಿಸಿ ಗಂಟೆಗೆ 64 ಕಿಲೋಮೀಟರು ವೇಗದಲ್ಲಿ ಕಾರನ್ನು ಅಡ್ಡಗಟ್ಟೆಗೆ ಹಾಯಿಸಿ, ಒಳಗಿನವರು ಎಷ್ಟು ಉಳಿದಾರೆಂದು ನಕ್ಷತ್ರ ಕೊಡುತ್ತದೆ. 2023ರ ಅಕ್ಟೋಬರಿನಿಂದ ನಮ್ಮ ದೇಶದ್ದೇ ಆದ ಭಾರತ್ ಎನ್‌ಕ್ಯಾಪ್ ಕೂಡ ಆರಂಭವಾಗಿದೆ. ಗ್ಲೋಬಲ್ ಎನ್‌ಕ್ಯಾಪಿನಲ್ಲಿ ಟಿಯಾಗೊಗೆ 2020ರಲ್ಲಿ ದೊಡ್ಡವರ ರಕ್ಷಣೆಗೆ ನಾಲ್ಕು ನಕ್ಷತ್ರ. ವ್ಯಾಗನ್ ಆರ್‌ಗೆ 2023ರಲ್ಲಿ ಒಂದು. ಮಾಸ್ತರಿಕೆ ಮಾಡಿದವನು ಬರಿಯ ಅಂಕ ನೋಡಿ ತೀರ್ಪು ಕೊಡಬಾರದು. 2022ರಲ್ಲಿ ಆ ಪರೀಕ್ಷೆಯ ಪಠ್ಯಕ್ರಮವೇ ಬದಲಾಗಿ ಬಿಗಿಯಾಯಿತು. ಆದುದರಿಂದ ಹಳೆಯ ನಾಲ್ಕನ್ನೂ ಹೊಸ ಒಂದನ್ನೂ ಒಂದೇ ತಕ್ಕಡಿಯಲ್ಲಿ ಇಡಲಾಗದು. ಅಲ್ಲದೆ, ವ್ಯಾಗನ್ ಆರ್‌ಗೆ 2025ರಲ್ಲಿ ಆರು ಗಾಳಿಚೀಲಗಳು ಬಂದುವು. ಪರೀಕ್ಷೆಗೆ ಕೂತ ಗಾಡಿಯಲ್ಲಿ ಇದ್ದುವು ಎರಡೇ. ಇಷ್ಟೆಲ್ಲ ರಿಯಾಯಿತಿ ಕೊಟ್ಟರೂ ನನ್ನ ಮನಸ್ಸು ನಿಲ್ಲಲಿಲ್ಲ. ಗಾಳಿಚೀಲ ಮನೆಯೊಳಗಿನ ದಿಂಬು. ಗಾಡಿಯ ಮೈ ಮನೆಯ ಗೋಡೆ. ಗೋಡೆಯ ಬಲಕ್ಕೆ ದಿಂಬು ಒತ್ತಾಸೆಯಾದೀತೇ ಹೊರತು ಗೋಡೆಯೇ ಆಗಲಾರದು.

ಒಂದು ಕಡೆ ಅವ್ವನ ದಿನದಿನದ ಸುಖ, ಇನ್ನೊಂದು ಕಡೆ ಎಂದೋ ಒಮ್ಮೆ ಬಂದರೂ ಬರಬಹುದಾದ, ಬಾರದೆಯೂ ಇರಬಹುದಾದ ಒಂದು ಕೆಟ್ಟ ಗಳಿಗೆ. ಇವೆರಡನ್ನು ಅಳೆಯುವ ಸಮಾನ ಮಾನವನ್ನು ನಾನು ಕಲಿಸಿದ ಗಣಿತದಲ್ಲಿ ಕಾಣಲಿಲ್ಲ. ಎರಡು ವಾರ ನೋಟುಬುಕ್ಕು ಮೇಜಿನ ಮೇಲೆ ತೆರೆದೇ ಬಿದ್ದಿತ್ತು. ಒಂದು ರಾತ್ರಿ ಊಟವಾದ ಮೇಲೆ ಅವ್ವನೇ ಕರೆದು ಕೇಳಿದಳು. ನಾನು ನಕ್ಷತ್ರಗಳ ಕಥೆಯನ್ನೆಲ್ಲ ಹೇಳಿದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದಳು:

"ತಮ್ಮಾ, ನಾ ಆರು ವಾರಕ್ಕೊಮ್ಮೆ ಏರಾಕಿ, ಇಳಿಯಾಕಿ. ನೀ ಮೊಮ್ಮಕ್ಕಳನ್ನ ಕೂಡಿಸ್ಕೊಂಡು ವಾರಾ ವಾರಾ ಕಬ್ಬಿನ ಟ್ರ್ಯಾಕ್ಟರ್ ನಡುವ ಹೋಗಾಂವ. ನನ್ನ ಮೊಣಕಾಲು ನೋಡಿ ಗಾಡಿ ತಗೊಂಡ್ರ, ಆ ಕೂಸುಗಳ ತಲಿ ಯಾರು ನೋಡವ್ರು?"

ನಾನು ಅವಳಿಗಾಗಿ ಒಂದನ್ನು ಆರಿಸಿದ್ದೆ. ಅವಳು ನಮಗಾಗಿ ಇನ್ನೊಂದನ್ನು ಆರಿಸಿದಳು. ತಾಯಿಯ ಮಾತಿನ ಮುಂದೆ ವಾದ ನಡೆಯಲಿಲ್ಲ. ಟಿಯಾಗೊ ಮನೆಗೆ ಬಂದಿತು. ಜಮಖಂಡಿಯ ಕೆಎ 48 ಅದರ ಹಣೆಯ ಮೇಲೆ ಬಿತ್ತು. ಗಾದಿ ಹೊಲಿಯುವವನಿಂದ ಎರಡು ಅಂಗುಲ ದಪ್ಪದ, ಕುಳಿತರೆ ತಗ್ಗದಂಥ ಗಟ್ಟಿ ಮೆತ್ತೆಯೊಂದನ್ನು ಮಾಡಿಸಿದೆ. ಅದಕ್ಕೂ ದಪ್ಪ ಬೇಡವೆಂದು ನಾನೇ ಹೇಳಿದೆ. ಆಸನದ ಪಟ್ಟಿ ಹೊಟ್ಟೆಗೆ ಬಾರದೆ ಸೊಂಟದ ಎಲುಬಿನ ಮೇಲೆಯೇ ಕೂಡಬೇಕು. ಅವ್ವ ಮೊದಲು ಆಸನಕ್ಕೆ ಬೆನ್ನು ಕೊಟ್ಟು ಕೂಡುತ್ತಾಳೆ. ಬಳಿಕ ಎರಡು ಕಾಲನ್ನೂ ಕೂಡಿಸಿ ಒಳಗೆ ತಿರುಗಿಸಿಕೊಳ್ಳುತ್ತಾಳೆ. ವೈದ್ಯರು ಕಲಿಸಿದ ಉಪಾಯವಿದು. ಎತ್ತರದ ಗಾಡಿಯ ಸುಖ ಇದರಲ್ಲಿಲ್ಲ. ಆದರೆ ಕೆಲಸ ಸಾಗುತ್ತದೆ. ಅವಳು ಈ ವರುಷ ತಂಗಿಯ ಮನೆಗೆ ಎರಡು ಸಲ ಹೋಗಿ ಬಂದಳು.

ಇದನ್ನೋದಿ ಎಲ್ಲರೂ ಇದೇ ಗಾಡಿ ಕೊಳ್ಳಲೆಂದು ನನ್ನ ಅಭಿಪ್ರಾಯವಲ್ಲ. ಬನಹಟ್ಟಿಯ ನನ್ನ ತಂಗಿಯ ಯಜಮಾನರು ಸೀರೆಯ ವ್ಯಾಪಾರಸ್ಥರು. ಊರ ಸುತ್ತಿನಲ್ಲಿಯೇ ಗಂಟುಗಳನ್ನು ಹೇರಿಕೊಂಡು ತಿರುಗುವ ಅವರಿಗೆ ವ್ಯಾಗನ್ ಆರ್‌ನ 341 ಲೀಟರಿನ ಹಿಂಬದಿಯ ಜಾಗವೇ ಅಂಗಡಿ. ಟಿಯಾಗೊದ 242 ಲೀಟರು ಅವರಿಗೆ ಸಾಲದು. ಬೀಳಗಿಯ ನನ್ನ ಶಿಷ್ಯ, ಆಲಮಟ್ಟಿಯ ಹಿನ್ನೀರಿನಿಂದ ಸ್ಥಳಾಂತರಗೊಂಡ ಹಳ್ಳಿಯೊಂದರ ಶಾಲೆಗೆ ದಿನವೂ ಒಬ್ಬನೇ ಹೋಗಿ ಬರುವ ಮಾಸ್ತರ. ಅವನ ಸಂಬಳಕ್ಕೂ ಸಂಸಾರಕ್ಕೂ ಆಲ್ಟೊ ಒಪ್ಪುತ್ತದೆ. ಮುಧೋಳದ ಬೀಗರ ಮಗನಿಗೆ ಇನ್ನೂ ಮೊಣಕಾಲು ನೋಯುವ ವಯಸ್ಸಲ್ಲ; ಅವನು ಸ್ವಿಫ್ಟ್ ತೆಗೆದುಕೊಂಡು ಸುಖವಾಗಿದ್ದಾನೆ. ನಾಲ್ವರೂ ಒಬ್ಬರನ್ನೊಬ್ಬರು ನೋಡಿ ಮರುಗುತ್ತೇವೆ. ನಾಲ್ವರೂ ಸರಿಯಾದದ್ದನ್ನೇ ಕೊಂಡಿದ್ದೇವೆ.

ಆದರೆ ಯಾವ ಗಾಡಿಗೂ ಸಲ್ಲುವ ಮಾತು ಒಂದುಂಟು. ಹಿಂದೆ ಕುಳಿತವರೂ ಪಟ್ಟಿ ಕಟ್ಟಿಕೊಳ್ಳಲಿ; ಕಟ್ಟಿಕೊಳ್ಳದವನಿಗೆ ಗಾಳಿಚೀಲ ಆರಿದ್ದರೂ ಫಲ ಕಡಿಮೆ. ಟೈರಿನ ಗಾಳಿಯನ್ನು ಹದಿನೈದು ದಿನಕ್ಕೊಮ್ಮೆ ನೋಡಿಸಲಿ. ಕಬ್ಬಿನ ಕಾಲದಲ್ಲಿ ಹೊತ್ತು ಮುಳುಗುವುದರೊಳಗೆ ಊರು ಸೇರಲಿ. ಇನ್ನು ಕೊಳ್ಳುವವರು, ಬೆಲೆ, ಮೈಲೇಜು, ನಕ್ಷತ್ರ ಎಂದು ಗೆರೆ ಎಳೆಯುವ ಮೊದಲು, ಆ ಹಾಳೆಯ ತಲೆಯಲ್ಲಿ ಗಾಡಿಯಲ್ಲಿ ಕೂಡುವವರ ಹೆಸರುಗಳನ್ನು ಬರೆದುಕೊಳ್ಳಲಿ. ಅವರನ್ನು ಒಬ್ಬೊಬ್ಬರನ್ನಾಗಿ ಕರೆದು ಕೇಳಲಿ. ಯಾರ ಸುಖಕ್ಕಾಗಿ ನಾವು ಲೆಕ್ಕ ಹಾಕುತ್ತಿರುವೆವೋ, ಅವರು ನಮ್ಮ ಲೆಕ್ಕವನ್ನು ಆಗಲೇ ಹಾಕಿ ಮುಗಿಸಿರುವುದುಂಟು.