ಒಂದೇ ಅಂಗಳ, ನಾಲ್ಕು ಒಲೆ

ಕಾಸರಗೋಡು ಸೀಮೆಯ ನಾವು ನಾಲ್ಕು ಹೋಟೆಲಿನವರು ಕೂಡಿ ಒಂದು ವೆಬ್ ಆ್ಯಪ್ ಮಾಡಿಸಲು ಹೊರಟೆವು. ದೊಡ್ಡ ಕಂಪನಿಗಳ ಕಮಿಷನ್ ಹೊರೆಯಾಯಿತೆಂದು 2021ರಲ್ಲಿ ಕೇರಳದ ಹೋಟೆಲು ಮಾಲೀಕರ ಸಂಘವೇ 'ರೆಝೋಯ್' ಎಂಬ ಸ್ವಂತ ಆ್ಯಪ್ ತಂದಿತ್ತು. ಅದು ನಮಗೂ ಧೈರ್ಯ ಕೊಟ್ಟಿತು.

ಖರ್ಚು ಹಂಚಿಕೊಳ್ಳುವ ಮಾತು ಬೇಗ ಮುಗಿಯಿತು. ಆಗ ಎರಡೇ ಮೇಜಿನ ಹೋಟೆಲು ನಡೆಸುವ ಅಕ್ಕ ಕೇಳಿದರು: "ನನ್ನ ಗಿರಾಕಿಗಳ ಫೋನ್ ನಂಬರು ದೊಡ್ಡ ಹೋಟೆಲಿನವರಿಗೆ ಸಿಕ್ಕಿದರೆ ನನ್ನ ಗತಿ?" ಎಲ್ಲರೂ ಸುಮ್ಮನಾದೆವು.

ಆ ಪ್ರಶ್ನೆಯ ಮೇಲೆಯೇ ಆ್ಯಪಿನ ನಕ್ಷೆ ನಿಂತಿತು. ಮಾಹಿತಿಯ ಉಗ್ರಾಣ ಒಂದೇ. ಆದರೆ ಪ್ರತಿ ಆರ್ಡರಿಗೂ ಆಯಾ ಹೋಟೆಲಿನ ಗುರುತು ಅಂಟಿರುತ್ತದೆ. ಲಾಗಿನ್ ಆದವರಿಗೆ ತಮ್ಮ ಲೆಕ್ಕ ಮಾತ್ರ ಕಾಣುತ್ತದೆ. ಈ ಕಾವಲು ಸರ್ವರಿನಲ್ಲೇ ಇರಬೇಕು. ಪರದೆಯಲ್ಲಿ ಬರೇ ಮರೆಮಾಡಿದ್ದನ್ನು ಬಲ್ಲವರು ತೆರೆದು ನೋಡುತ್ತಾರೆ.

ಬೆಲೆ, ರಜೆ, 'ಇಂದು ನೀರುದೋಸೆ ಮುಗಿಯಿತು' ಎಂಬ ಗುಂಡಿ ಅವರವರ ಕೈಯಲ್ಲಿ. ತಿಂಡಿಗಳ ಹೆಸರು ಕನ್ನಡದಲ್ಲೂ ಮಲಯಾಳದಲ್ಲೂ ಇದೆ. ಒಂದೇ ಮನೆಯವರು ಎರಡು ಹೋಟೆಲಿನಿಂದ ತರಿಸಿದರೆ ಬಿಲ್ಲು ಎರಡು. 2022ರ ಜನವರಿಯಿಂದ ಬಿಲ್ಲಿನಲ್ಲಿ ಕಡ್ಡಾಯವಾದ 14 ಅಂಕಿಗಳ ಆಹಾರ ಸುರಕ್ಷತಾ ನಂಬರು ಪ್ರತಿ ಹೋಟೆಲಿಗೂ ಬೇರೆ ತಾನೆ? ಪಟ್ಟಿಯಲ್ಲಿ ಯಾರ ಹೆಸರು ಮೊದಲು ಎಂಬುದಕ್ಕೆ ದಿನಕ್ಕೊಬ್ಬರ ಸರದಿ. ನಾಲ್ಕು ದಿನಕ್ಕೊಮ್ಮೆ ಅಕ್ಕನ ಪುಟ್ಟ ಹೋಟೆಲು ಎಲ್ಲರಿಗಿಂತ ಮೇಲೆ ಕಾಣಿಸುತ್ತದೆ.

ಅಣ್ಣತಮ್ಮಂದಿರ ಮನೆಗಳಲ್ಲೂ ಹೀಗೇ ಅಲ್ಲವೇ? ಅಂಗಳ ಒಂದಾಗಿ ಉಳಿಯಬೇಕಾದರೆ ಒಬ್ಬರ ಒಲೆಗೆ ಇನ್ನೊಬ್ಬರು ಕೈಹಾಕಬಾರದು.