ನಾಳೆಯ ಮೊಗ್ಗು

ದಾಸವಾಳ ಸಾಕಿದವರಿಗೆ ಬೆಳಗಿಗಿಂತ ಸಂಜೆಯೇ ಖುಷಿಯ ಹೊತ್ತು. ಅರಳಿದ ಹೂವನ್ನು ಯಾರಾದರೂ ನೋಡಿ ಹೊಗಳಿಯಾರು. ನಾಳೆ ಅರಳುವುದು ಯಾವ ಮೊಗ್ಗು ಎಂದು ಇವತ್ತೇ ಹೇಳಲು ಮಾತ್ರ ಗಿಡದ ಜೊತೆ ಒಡನಾಟ ಬೇಕು. ತೊಟ್ಟಿನ ಹಸಿರು ಬಟ್ಟಲಿನಿಂದ ಕೆಂಪು ತುದಿ ಇಂಚಿನಷ್ಟಾದರೂ ಹೊರಬಂದು, ಎಸಳುಗಳು ಬಿಗಿಯಾಗಿ ಸುರುಳಿ ಸುತ್ತಿಕೊಂಡಿದ್ದರೆ ಅದು ನಾಳೆಯದು. ಕೆಂಪು ಬರೀ ಇಣುಕಿದ್ದರೆ ಇನ್ನೂ ಕಾಯಬೇಕು. ಅಂಗಾರಕ ಸಂಕಷ್ಟಿಯ ಹಿಂದಿನ ಸಂಜೆ ನಮ್ಮತ್ತೆ ಬಾಲ್ಕನಿಯಿಂದಲೇ ವರದಿ ಒಪ್ಪಿಸುತ್ತಾರೆ: "ಮೂರು ಗ್ಯಾರಂಟಿ ಕಣೇ, ನಾಲ್ಕನೇದು ಗಣಪತಿ ಇಚ್ಛೆ."

ಬೆಂಗಳೂರಿನ ಗಾಂಧಿ ಬಜಾರಿಗೆ ಹೋದರೆ ಮಲ್ಲಿಗೆ, ಸೇವಂತಿಗೆ ಮೊಳಗಟ್ಟಲೆ ಸಿಗುತ್ತದೆ. ಒಂದೇ ದಿನ ಬಾಳುವ ದಾಸವಾಳ ಮೊಳದ ಲೆಕ್ಕಕ್ಕೆ ದಕ್ಕುವ ಹೂವಲ್ಲ, ಮನೆಯಲ್ಲೇ ಆಗಬೇಕು. 1898ರ ಪ್ಲೇಗು ಪೇಟೆಯ ಜನರನ್ನು ಅಟ್ಟಿದಾಗ ಬೆಳೆದ ಬಸವನಗುಡಿ, ಮಲ್ಲೇಶ್ವರಗಳಲ್ಲಿ ಮನೆ ಮುಂದೆ ಅದಕ್ಕೆ ಜಾಗವೂ ಇತ್ತು. ಆದರೆ ಕಾಂಪೌಂಡಿನ ದಾಸವಾಳ ಎಂದಾದರೂ ಮನೆಯವರಿಗೆ ಸಿಕ್ಕಿದ್ದುಂಟೇ? ಕತ್ತಲಿರುವಾಗಲೇ ಮಂಕಿ ಕ್ಯಾಪ್ ಹಾಕಿ ವಾಕಿಂಗ್ ಹೊರಟವರ ಒಂದು ಕೈಯಲ್ಲಿ ದೋಟಿ, ಇನ್ನೊಂದರಲ್ಲಿ ಪ್ಲಾಸ್ಟಿಕ್ ಕವರು. ಪುಣ್ಯಕ್ಕೆಂದು ಮಾಡುವ ಕಳ್ಳತನ, ಕೇಳುವ ಹಾಗೂ ಇಲ್ಲ. ಹಳಬರು ಇದಕ್ಕೆ ಕಂಡುಕೊಂಡ ಉಪಾಯ, ಬಲಿತ ಮೊಗ್ಗನ್ನು ಸಂಜೆಯೇ ಕಿತ್ತು ಒಳಗಿಡುವುದು. ತಟ್ಟೆಯಲ್ಲಿ ನೀರಿಲ್ಲದೆ ಬಿದ್ದುಕೊಂಡಿದ್ದರೂ ಬೆಳಿಗ್ಗೆ ಅದರ ಪಾಡಿಗೆ ಅದು ಅರಳುತ್ತದೆ.

ಈಗ ಮನೆ ಹೋಗಿ ಫ್ಲ್ಯಾಟ್ ಬಂದಿದೆ. ದಾಸವಾಳವೂ ಹನ್ನೆರಡು ಇಂಚಿನ ಕುಂಡದಲ್ಲಿ ಎರಡನೇ ಮಹಡಿ ಹತ್ತಿದೆ. ದೋಟಿ ಅಷ್ಟೆತ್ತರ ಎಟುಕುವುದಿಲ್ಲ. ಸೋಫಾ ಪಕ್ಕ ಇಟ್ಟು ಚೆಂದ ನೋಡುವ ಗಿಡ ಮಾತ್ರ ಇದಲ್ಲ. ದಿನಕ್ಕೆ ಐದಾರು ಗಂಟೆ ನೇರ ಬಿಸಿಲು ಬೀಳದಿದ್ದರೆ ಎಲೆ ಹೊತ್ತು ನಿಲ್ಲುತ್ತದೆ, ಹೂವಿನ ಸುದ್ದಿಯೇ ಇಲ್ಲ. ಸಿದ್ದಾಪುರದ ನರ್ಸರಿಗಳಿಂದ ತರುವ ಗಿಡದ ಬೇರಿಗೆ ಎಷ್ಟೋ ಸಲ ಅಂಟುಮಣ್ಣಿನ ಗಟ್ಟಿ ಉಂಡೆ ಮೆತ್ತಿರುತ್ತದೆ. ಅದನ್ನು ಬಕೆಟ್ ನೀರಲ್ಲಿ ನೆನೆಸಿ ಮೆಲ್ಲಗೆ ಬಿಡಿಸದೆ ನೆಟ್ಟರೆ ನೀರು ಉಂಡೆಯೊಳಗೆ ಇಳಿಯುವುದೇ ಇಲ್ಲ. ಕೆಮ್ಮಣ್ಣು, ಹಳೇ ಗೊಬ್ಬರ, ಸ್ವಲ್ಪ ಮರಳು ಸಾಕು. ಬೋರ್‌ವೆಲ್‌ನ ಗಡಸು ನೀರನ್ನೇ ಹಾಕುತ್ತಿದ್ದರೆ ಎಳೆ ಎಲೆಯ ನರ ಹಸಿರಾಗೇ ಉಳಿದು ಮಿಕ್ಕಿದ್ದೆಲ್ಲ ಹಳದಿಯಾಗುತ್ತದೆ. ಮಣ್ಣಲ್ಲಿ ಕಬ್ಬಿಣವಿದ್ದರೂ ಬೇರಿಗೆ ದಕ್ಕುವುದಿಲ್ಲ. ಆಗ ಕಾವೇರಿ ನೀರೋ ಮಳೆನೀರೋ ಕೊಟ್ಟರೆ ಚೇತರಿಸಿಕೊಳ್ಳುತ್ತದೆ. ಕಡಲೆಕಾಯಿ ಪರಿಷೆಯ ಬೀದಿಯವರಾದ ನಾವು ಕಡಲೆಕಾಯಿ ಹಿಂಡಿ ನೆನೆಸಿದ ನೀರನ್ನೂ ಹಾಕುತ್ತೇವೆ. ಆ ವಾಸನೆಗೆ ಮೇಲಿನ ಮನೆಯವರು ಕಿಟಕಿ ಮುಚ್ಚುತ್ತಾರೆ, ನಾವು ಕೇಳಿಸದವರಂತೆ ಇರುತ್ತೇವೆ.

ನನಗೆ ಎಲ್ಲಕ್ಕಿಂತ ಇಷ್ಟದ ಕೆಲಸ ಕತ್ತರಿಯದು. ದಾಸವಾಳ ಹೂ ಬಿಡುವುದು ಹೊಸ ಚಿಗುರಿನಲ್ಲಿ. ಹಳೇ ಕೊಂಬೆಯನ್ನು ಮುದ್ದು ಮಾಡಿ ಉಳಿಸಿದರೆ ಗಿಡ ಉದ್ದಕ್ಕೆ ಹೋಗಿ ತುದಿಯಲ್ಲಿ ಒಂದೇ ಹೂ ಬಿಡುತ್ತದೆ. ಹೊರಮುಖದ ಕಣ್ಣಿನ ಸ್ವಲ್ಪ ಮೇಲೆ ಓರೆಯಾಗಿ ಕಚಕ್ಕೆಂದು ಕತ್ತರಿಸಿದಲ್ಲಿ ಎರಡು ಮೂರು ಚಿಗುರು ಒಡೆಯುತ್ತವೆ. ಅತ್ತೆಗೆ ಇದನ್ನು ನೋಡಲಾಗದು. "ಮೊಗ್ಗಿದೆಯಲ್ಲೇ, ಬಿಡೇ" ಎಂದು ಗೊಣಗಿ ಒಳಗೆ ಹೋಗುತ್ತಾರೆ. ಕತ್ತರಿಸಿದ್ದರಲ್ಲಿ ಪೆನ್ಸಿಲ್ ದಪ್ಪದ ಕಡ್ಡಿಗಳನ್ನು ಮಳೆಗಾಲದಲ್ಲಿ ಮಣ್ಣಿಗೆ ಚುಚ್ಚಿದರೆ ಒಂದೂವರೆ ತಿಂಗಳೊಳಗೆ ಬೇರು ಬಿಡುತ್ತವೆ.

ಶತ್ರು ಎಂದರೆ ಹಿಟ್ಟು ತಿಗಣೆ. ಚಿಗುರಿನ ಸಂದಿಯಲ್ಲಿ ಬಿಳೀ ಹತ್ತಿ ಮೆತ್ತಿದಂತೆ ಕೂತು ರಸ ಹೀರುತ್ತದೆ, ಎಲೆ ಮುದುರುತ್ತದೆ. ನಾನು ಮೊದಲು ಹುಡುಕುವುದು ಇರುವೆ ಸಾಲನ್ನು. ತಿಗಣೆ ಸುರಿಸುವ ಸಿಹಿ ಅಂಟಿನ ಆಸೆಗೆ ಇರುವೆಗಳು ಅದರ ಕಾವಲಿಗೆ ನಿಲ್ಲುತ್ತವೆ, ಒಂದೆಡೆಯಿಂದ ಇನ್ನೊಂದೆಡೆಗೆ ಸಾಗಿಸುವುದೂ ಉಂಟು. ಪೈಪಿನ ನೀರು ಜೋರಾಗಿ ಹೊಡೆದು, ಆಮೇಲೆ ಸೋಪಿನ ನೀರಿಗೆ ಬೇವಿನೆಣ್ಣೆ ಬೆರೆಸಿ ಎಲೆಯ ಹಿಂಭಾಗಕ್ಕೆ ಸಂಜೆ ಹೊತ್ತು ಸಿಂಪಡಿಸಬೇಕು.

ಈಚೆಗೆ ಎಲ್ಲರ ಬಾಯಲ್ಲೂ ಪುಣೆ ವೆರೈಟಿ. ಊಟದ ತಟ್ಟೆಯ ಅಗಲಕ್ಕೆ ಹಳದಿ, ನೇರಳೆ, ನಡುವೆ ಕೆಂಪು ಕಣ್ಣು. ಕೆಲವು ಎರಡು ದಿನ ಬಾಡದೆ ನಿಲ್ಲುತ್ತವೆ. ಗಿಡ ಮಾತ್ರ ನಾಜೂಕು, ಬೇರಿಗೆ ನೀರು ಸ್ವಲ್ಪ ಹೆಚ್ಚಾದರೂ ಮುನಿಸು. ನಾನೂ ಒಂದು ತಂದಿಟ್ಟಿದ್ದೇನೆ. ಅದು ಅರಳಿದ ದಿನ ಅತ್ತೆ ಸುತ್ತಲೂ ನೋಡಿ, ಪಕ್ಕದ ಕುಂಡದ ಐದೆಸಳಿನ ನಾಟಿ ಕೆಂಪನ್ನೇ ಕಿತ್ತುಕೊಂಡು ದೇವರ ಮನೆಗೆ ನಡೆದರು.

"ಗಣಪತಿಗೆ ಇದಾಗತ್ತೆ. ಅದನ್ನ ನಿನ್ನ ವಾಟ್ಸಾಪಿಗೆ ಹಾಕ್ಕೋ."