ಹೊಟ್ಟೆ ಗುಣ

ಮಾದಾಪುರದ ಸುತ್ತಿನ ಕಾಫಿ ತೋಟಗಳಲ್ಲಿ ಹೂಮಳೆ ಬಿದ್ದು ಹೂ ಅರಳಿತೆಂದರೆ ತುಡುವೆ ಜೇನಿನ ಸಡಗರ ನೋಡಬೇಕು! ನಮ್ಮ ಹಿತ್ತಲಲ್ಲೂ ಎರಡು ಪೆಟ್ಟಿಗೆಗಳಿವೆ. ಆ ಸಂಸಾರದ ಒಂದು ಗುಟ್ಟು ಬಿ.ಎ. ಓದಿದ ನನಗೆ ಇಂದಿಗೂ ಬೆರಗು. ಅಲ್ಲಿ ಗಂಡುನೊಣಕ್ಕೆ ಅಪ್ಪನೇ ಇಲ್ಲ. ರಾಣಿ ತನ್ನೊಳಗೆ ಕೂಡಿಟ್ಟ ವೀರ್ಯವನ್ನು ಮೊಟ್ಟೆಗೆ ಸೇರಿಸಿದರೆ ಹೆಣ್ಣು, ಸೇರಿಸದಿದ್ದರೆ ಗಂಡು.

ಇದರ ಹಿಂದಿರುವ ಜೀನನ್ನು 2003ರಲ್ಲಿ ಜರ್ಮನಿಯ ಮಾರ್ಟಿನ್ ಬೇಯ್ ಮತ್ತು ಸಂಗಡಿಗರು ಯುರೋಪಿನ ಜೇನಿನಲ್ಲಿ ಗುರುತಿಸಿದರು. ಹೆಸರು ಸಿ.ಎಸ್.ಡಿ. ಈ ಜೀನಿಗೆ ಹಲವು ರೂಪಗಳುಂಟು. ಬೇರೆ ಬೇರೆ ಎರಡು ರೂಪ ಕೂಡಿದರೆ ಹೆಣ್ಣು. ಒಂದೇ ಇದ್ದರೆ ಗಂಡು. ತಂದೆ ತಾಯಿಯಿಂದ ಒಂದೇ ರೂಪ ಬಂದರೂ ಗಂಡೇ. ಆದರೆ ಅಂಥ ಮರಿಯನ್ನು ಕೆಲಸಗಾರ ನೊಣಗಳು ತಿಂದುಬಿಡುತ್ತವೆ. ಹತ್ತಿರದ ನಂಟಿನಲ್ಲೇ ಕೂಡಿಕೆಯಾದರೆ ಗೂಡು ಸೊರಗುವುದು ಹೀಗೆ. ಒಂದೇ ಒಕ್ಕದೊಳಗೆ ಹೆಣ್ಣು ತರದ ನಮ್ಮ ಕೊಡವ ನೆರೆಯವರಿಗೆ ಹೇಳಿದರೆ, "ಜೇನಿಗೂ ಗೊತ್ತಲ್ಲ!" ಎಂದು ನಕ್ಕರು.

ರೇಷ್ಮೆಹುಳದ ಲೆಕ್ಕ ಬೇರೆ. ಅಲ್ಲಿ ಡಬ್ಲ್ಯೂ ಎಂಬ ವರ್ಣತಂತು ಇದ್ದರೆ ಹೆಣ್ಣು. ಅದು ಬರುವುದು ತಾಯಿಯಿಂದಲೇ. ಅದರಲ್ಲಿರುವ ಪುಟ್ಟ ಆರ್‌ಎನ್‌ಎ ತುಣುಕೊಂದು ಹುಳವನ್ನು ಹೆಣ್ಣಾಗಿಸುತ್ತದೆಂದು 2014ರಲ್ಲಿ ಜಪಾನಿನ ವಿಜ್ಞಾನಿಗಳು ತೋರಿಸಿಕೊಟ್ಟರು.

ಇಷ್ಟೆಲ್ಲ ಪುರಾಣ ಏಕೆಂದರೆ, ಈಚೆಗೆ ಪರಿಚಯದವರ ಮನೆಯ ಸೊಸೆಗೆ ಮೂರನೆಯದೂ ಹೆಣ್ಣಾಯಿತು. ಬಾಣಂತಿಯನ್ನು ನೋಡಲು ಹೋದಾಗ ಅತ್ತೆ, "ಏನು ಮಾಡೋದು ಟೀಚರೇ, ಇವಳ ಹೊಟ್ಟೆ ಗುಣವೇ ಹಾಗೆ" ಎಂದರು. ಹುಡುಗಿ ಗೋಡೆಯ ಕಡೆ ಮುಖ ತಿರುಗಿಸಿದಳು.

ನನಗೆ ತಡೆಯಲಾಗಲಿಲ್ಲ. "ಅಮ್ಮಾ, ಆ ಮಾತನ್ನು ರಾಣಿನೊಣಕ್ಕೆ ಹೇಳಿ, ರೇಷ್ಮೆ ಪತಂಗಕ್ಕೆ ಹೇಳಿ, ಒಪ್ಪುತ್ತೇನೆ. ನಮ್ಮಲ್ಲಿ ತಾಯಿ ಕೊಡುವುದು ಎಕ್ಸ್ ಒಂದೇ. ಎಕ್ಸೋ ವೈಯೋ, ಅದು ಬರುವುದು ತಂದೆಯಿಂದ. ಹತ್ತನೇ ತರಗತಿಯ ಮಕ್ಕಳೂ ಇದನ್ನು ಓದುತ್ತಾರೆ."

"ಹಾಗಾದರೆ ತಪ್ಪು ನನ್ನ ಮಗನದೇ?" ಅವರ ದನಿ ಏರಿತು.

"ಅವನು ಆರಿಸಿ ಕೊಟ್ಟನೇ? ಇಲ್ಲವಲ್ಲ. ಮಗು ಹುಟ್ಟಿದ್ದರಲ್ಲಿ ತಪ್ಪೆಲ್ಲಿಂದ ಬಂತು?"

ಅವರು ಮಾತಾಡಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಮಗುವನ್ನೆತ್ತಿ ಮಡಿಲಿಗೆ ಹಾಕಿಕೊಂಡರು.

ವಿಜ್ಞಾನ ಪರೀಕ್ಷೆಗಷ್ಟೇ ಎಂದುಕೊಂಡಿದ್ದೇವೆ. ಬಾಣಂತಿಯ ಕೋಣೆಯೊಳಗೂ ಅದು ಬರಬೇಕು. ಅಂದಹಾಗೆ, ನಿಮ್ಮ ಅಡುಗೆಮನೆಯ ಶೀಶೆಯಲ್ಲಿ ಜೇನುತುಪ್ಪವಿದ್ದರೆ ಒಮ್ಮೆ ನೆನಪಿಸಿಕೊಳ್ಳಿ: ಹೂವಿಂದ ಹೂವಿಗೆ ಅಲೆದು ಅದನ್ನು ಕೂಡಿಟ್ಟವರೆಲ್ಲ ಹೆಣ್ಣುಮಕ್ಕಳೇ.